ದುರ್ಮತಿ ಸಂವತ್ಸರದ ಕಲ್ಲು

ದುರ್ಮತಿ ಸಂವತ್ಸರದಲ್ಲಿ ನಮ್ಮ ಊರಿನ ನಲವತ್ತಮೂರು ಜನ ತೀರಿಕೊಂಡರು. ಅವರಲ್ಲಿ ಐವರನ್ನು ಊರು ಇವತ್ತಿಗೂ ನೆನೆಯುತ್ತದೆ. ಉಳಿದ ಮೂವತ್ತೆಂಟು ಜನರನ್ನು ಬಲ್ಲವಳು ನಾನೊಬ್ಬಳೇ. ನನ್ನ ಹೆಸರು ಜಕ್ಕಲೆ. ಊರಿನಿಂದ ಒಂದು ಹಗಲಿನ ನಡಿಗೆಯಷ್ಟು ದೂರ, ಸರಕು ಹೊತ್ತ ಹೇರೆತ್ತುಗಳು ಹೋಗುವ ದಾರಿಯ ಪಕ್ಕದ ಅರವಟ್ಟಿಗೆಯಲ್ಲಿ ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡುತ್ತ ಕೂತಿದ್ದೇನೆ. ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ಎಲ್ಲೆಕಲ್ಲು ದಾಟಿ ಊರೊಳಗೆ ಕಾಲಿಟ್ಟರೆ ನನ್ನಿಂದಲೂ ಆ ಮೂವತ್ತೆಂಟು ಜನ ಹೊರಟುಹೋಗುತ್ತಾರೆ. ಅದಕ್ಕೇ ಹೋಗಿಲ್ಲ.

ಊರಿನ ಮೂಡಣ ದಿಬ್ಬದ ಮೇಲೆ ವರ್ಷಕ್ಕೊಂದು ಕಲ್ಲು ನಿಲ್ಲುತ್ತಿತ್ತು. ಕಲ್ಲಿಗೆ ಹನ್ನೆರಡು ಸಾಲು, ಸಾಲಿಗೆ ಎರಡು ಹೆಸರು. ಆ ವರ್ಷ ಸತ್ತವರ ಹೆಸರು ಅದರಲ್ಲಿ ಬಂದರೆ ಸರಿ. ಬಾರದಿದ್ದರೆ ಯುಗಾದಿಯ ಸೂರ್ಯ ಮೂಡುವ ಹೊತ್ತಿಗೆ ಅಂಥವರೊಬ್ಬರು ಇದ್ದರೆಂಬುದೇ ಯಾರಿಗೂ ತಿಳಿದಿರುತ್ತಿರಲಿಲ್ಲ, ಹೆತ್ತವಳಿಗೂ. ಆ ಹೊತ್ತಿಗೆ ಎಲ್ಲೆಕಲ್ಲಿನ ಆಚೆ ಇದ್ದವರಿಗೆ ಮಾತ್ರ, ಮತ್ತೆ ಊರೊಳಗೆ ಕಾಲಿಡುವವರೆಗೆ, ನೆನಪು ಉಳಿಯುತ್ತಿತ್ತು. ಅಕ್ಷರ ಬೆರಳಗಲಕ್ಕಿಂತ ಸಣ್ಣದಾದರೆ ಕಲ್ಲು ಹಿಡಿಯುತ್ತಿರಲಿಲ್ಲ. ನಮ್ಮ ಮುತ್ತಜ್ಜನ ಕಾಲದಲ್ಲಿ ಒಮ್ಮೆ ಎರಡು ಕಲ್ಲು ನಿಲ್ಲಿಸಿ ನೋಡಿದ್ದರಂತೆ, ಎರಡರಲ್ಲಿದ್ದವರೂ ಮರೆತುಹೋದರಂತೆ. ಓಲೆಯಲ್ಲಿ ಬರೆದಿಟ್ಟರೆ ಹೆಸರೇನೋ ಉಳಿಯುತ್ತಿತ್ತು, ಆದರೆ ಓದಿದವರಿಗೆ ಅದು ಪರಸ್ಥಳದ ಯಾರದೋ ಹೆಸರು. ಮಳೆ ಬಿಸಿಲನ್ನು ಒಪ್ಪಿಕೊಂಡ ಹಾಗೆ ನಾವು ಇದನ್ನೂ ಒಪ್ಪಿಕೊಂಡಿದ್ದೆವು. ಯುಗಾದಿಯ ದಿನ ಎಣ್ಣೆನೀರು ಮುಗಿಸಿ ಹೆಂಗಸರು ಪೆಟ್ಟಿಗೆಗಳನ್ನು ತೆಗೆದು ನೋಡುವರು. ಸಾವು ಹೆಚ್ಚಿ ಜಾಗ ಸಾಲದೆ ಹೋದ ವರ್ಷ ಮನೆಯ ಯಾರಿಗೂ ಸೇರದ ಬಟ್ಟೆಯೋ ಬಳೆಯೋ ಊರುಗೋಲೋ ಸಿಕ್ಕಿದರೆ "ಯಾರದೋ" ಎಂದು ಪಕ್ಕಕ್ಕಿಟ್ಟು, ಸಂಜೆ ಊರ ಬಾಗಿಲಿನ ಕಟ್ಟೆಯ ಮೇಲೆ ಇಟ್ಟು ಬರುವರು. ಬೇಕಾದವರು ಒಯ್ಯಬಹುದಿತ್ತು. ಆ ಕಟ್ಟೆಯ ಹತ್ತಿರ ಯಾರೂ ಬಹಳ ಹೊತ್ತು ನಿಲ್ಲುತ್ತಿರಲಿಲ್ಲ.

ಕಲ್ಲು ಕೊರೆಯುವುದು ನಮ್ಮ ಮನೆತನದ ಕೆಲಸ. ಅಪ್ಪ ಕಾಟೋಜನ ನಂತರ ನನ್ನ ತಮ್ಮ ಮಾಚೋಜ ಉಳಿ ಹಿಡಿದ. ಅವನ ಕೈಯಂಥ ಕೈ ಸುತ್ತಿನ ಹತ್ತೂರುಗಳಲ್ಲಿ ಇರಲಿಲ್ಲ, ಆದರೆ ಅಕ್ಷರ ಅವನಿಗೆ ಹತ್ತಲಿಲ್ಲ. ಅಪ್ಪ ಹೊಡೆದು ನೋಡಿದ, ಬೆಲ್ಲ ಕೊಟ್ಟು ನೋಡಿದ. ಕೊನೆಗೆ ಆ ವಿದ್ಯೆಯನ್ನು ನನಗೆ ಕಲಿಸಿದ. ಇಪ್ಪತ್ತಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ನಾನು ಆಮೇಲೆ ತಮ್ಮನ ಜೊತೆಗೇ ಉಳಿದೆ. ಜಾಜೆಂಬ ಕೆಂಪುಕಲ್ಲನ್ನು ತೇಯ್ದ ಬಣ್ಣದಲ್ಲಿ ನಾನು ಕಲ್ಲಿನ ಮೇಲೆ ಅಕ್ಷರ ಬರೆಯುತ್ತಿದ್ದೆ. ಅವನು ಅದರ ಗೆರೆ ಹಿಡಿದು ಕೂದಲೆಳೆಯಷ್ಟೂ ತಪ್ಪದೆ ಕೊರೆಯುತ್ತಿದ್ದ. ಏನು ಬರೆದಿದ್ದೀಯೆಂದು ಒಂದು ದಿನವೂ ಕೇಳಿದವನಲ್ಲ.

ಮಾಮೂಲಿ ವರ್ಷಗಳಲ್ಲಿ ಊರಿನಲ್ಲಿ ಹತ್ತು ಹನ್ನೆರಡು ಸಾವಾಗುತ್ತಿತ್ತು. ಐದಾರು ಸಾಲಿಗೆ ಹೆಸರು ಮುಗಿದು ಜಾಗ ಮಿಗುತ್ತಿತ್ತು. ಆ ಖಾಲಿ ಸಾಲುಗಳಿಗೆ ಲೋಕದ ಸುದ್ದಿ ಬರೆಯುವ ರೂಢಿ ಹಚ್ಚಿದವಳು ನಾನು. ಹೇರೆತ್ತಿನ ಸೆಟ್ಟರು ಬಂದಿಳಿದರೆ ಮೊದಲು ಓಡುತ್ತಿದ್ದವಳು ನಾನೇ. ಯಾವ ಅರಸ ಸತ್ತ, ಯಾವ ನದಿ ದಾರಿ ಬದಲಿಸಿತು, ಯಾವ ಪಂಡಿತ ಯಾರನ್ನು ವಾದದಲ್ಲಿ ಸೋಲಿಸಿದ ಎಂದು ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದೆ. ಅಲ್ಲಿಯವರೆಗೆ ನಾನು ಎಲ್ಲೆಕಲ್ಲನ್ನು ಎರಡೇ ಸಲ ದಾಟಿದವಳು, ಮದುವೆಗೊಮ್ಮೆ, ಗಂಡ ಸತ್ತ ಮೇಲೆ ತಿರುಗಿ ಬರಲು ಒಮ್ಮೆ. ಲೋಕವೆಲ್ಲ ನಮ್ಮ ದಿಬ್ಬದ ಮೇಲೆ ಬಂದು ನಿಂತ ಹಾಗೆ ನನಗೆ ಹಿಗ್ಗಾಗುತ್ತಿತ್ತು.

ಆ ಹಿಗ್ಗಿಗೆ ಪಾಲುದಾರಳಾಗಿದ್ದವಳು ಮಾಚೋಜನ ಮಗಳು ಬಮ್ಮಿ. ಎಂಟು ವರ್ಷದ ಹುಡುಗಿ. ಜಾಜಿನ ಕಲ್ಲನ್ನು ತೇಯ್ದುಕೊಡುವ ಕೆಲಸ ಅವಳದು. ತೇಯುತ್ತ ತೇಯುತ್ತ ಅಂಗಾಲಿಗೆ ಬಳಿದುಕೊಂಡು ಮನೆ ತುಂಬ ಕೆಂಪು ಹೆಜ್ಜೆ ಮೂಡಿಸಿ ತಾಯಿಯ ಕೈಲಿ ಬೈಸಿಕೊಳ್ಳುತ್ತಿದ್ದಳು. ಬೀದಿಯ ನಾಯಿಗಳಿಗೆ ನನ್ನ ಕಲ್ಲಿನ ಅರಸರ ಹೆಸರಿಟ್ಟಿದ್ದಳು. "ಅತ್ತೆ, ಇವತ್ತು ರಣಭೈರವ ಬಡಗಣ ದೊರೆನ ಕಚ್ಚಿಬಿಟ್ಟ" ಎಂದು ಓಡಿ ಬಂದು ಹೇಳುತ್ತಿದ್ದಳು. ಅವಳ ತಾಯಿ ಕೇತವ್ವೆ ಮಾತು ಕಡಿಮೆಯವಳು. ಎರಡು ಬಸುರು ಕಳೆದುಕೊಂಡ ಮೇಲೆ ದಕ್ಕಿದ ಮಗಳೆಂದು ಒಳಗೊಳಗೇ ಹೆದರಿಕೊಂಡೇ ಸಾಕಿದವಳು.

ಆ ವರ್ಷ ಲೋಕದಲ್ಲೂ ಏನೇನೋ ಆಯಿತು. ಚೈತ್ರದಲ್ಲಿ ಬಂದ ಸೆಟ್ಟರು ಪಡುವಣ ದಂಡೆಯ ಪಟ್ಟಣವೊಂದನ್ನು ಒಂದೇ ಮಧ್ಯಾಹ್ನ ಕಡಲು ನುಂಗಿದ ಸುದ್ದಿ ತಂದರು. ವೈಶಾಖದಲ್ಲಿ ಬಾಲದ ನಕ್ಷತ್ರ ಹದಿನೇಳು ದಿನ ಕಾಣಿಸಿತು. ಮೂಡಣ ಸೀಮೆಯಲ್ಲಿ ಅಣ್ಣತಮ್ಮಂದಿರಿಬ್ಬರು ಪಟ್ಟಕ್ಕಾಗಿ ಕಾದಾಡಿ ಒಂದೇ ದಿನ ಮಡಿದರಂತೆ. ಭುವನಚಂದ್ರರೆಂಬ ಗಣಿತದ ಪಂಡಿತರು ತಾವು ಹೇಳಿದ ಗಳಿಗೆಗೇ ಗ್ರಹಣ ಹಿಡಿದದ್ದನ್ನು ನೋಡಿ ಕಣ್ಣುಮುಚ್ಚಿದರಂತೆ. ಮಲ್ಲಿಯಕ್ಕನೆಂಬ ನಾಟ್ಯದವಳು ಮೈಮೇಲಿನ ಒಡವೆಯನ್ನೆಲ್ಲ ಕಳಚಿಕೊಟ್ಟು ಬರಡು ಸೀಮೆಗೆ ಕೆರೆ ಕಟ್ಟಿಸಿದಳಂತೆ. ಹಿಮದ ಬೆಟ್ಟಗಳಾಚೆ ಯಾವನೋ ಒಬ್ಬ ಕುದುರೆಯವರನ್ನು ಕೂಡಿಸಿಕೊಂಡು ಊರೂರು ಸುಡುತ್ತ ಹೊರಟಿದ್ದನಂತೆ. ನಾನೂ ಬಮ್ಮಿಯೂ ಬಾಯಿಬಿಟ್ಟುಕೊಂಡು ಕೇಳಿದೆವು. ಇಂಥ ವರ್ಷ ಮತ್ತೆ ಬಾರದು, ಈ ಸಲದ ಕಲ್ಲು ನೋಡುವ ಹಾಗಿರಬೇಕು ಎಂದು ನಾನು ಅವಳಿಗೆ ಹೇಳಿದ್ದು ನೆನಪಿದೆ.

ಆಶ್ವೀಜದಲ್ಲಿ ಜ್ವರ ಬಂತು. ಮೊದಲು ಕುಂಬಾರಗೇರಿ, ಆಮೇಲೆ ನೇಕಾರರ ಬೀದಿ, ಆಮೇಲೆ ಎಲ್ಲ ಕಡೆ. ಐದನೆಯ ದಿನಕ್ಕೆ ಇಳಿದರೆ ಬದುಕಿದರು, ಇಳಿಯದಿದ್ದರೆ ಇಲ್ಲ. ಬಮ್ಮಿಗೆ ಕಾರ್ತೀಕದ ಶುರುವಿನಲ್ಲಿ ಬಂದು ಐದನೆಯ ದಿನ ಇಳಿಯಿತು. ಕೇತವ್ವೆ ಎದ್ದು ಗಂಜಿಗೆ ಇಟ್ಟಳು. ಗಂಜಿ ಬೇಯುವುದರೊಳಗೆ ಮತ್ತೆ ಏರಿತು. ಮಗು ನನ್ನ ತೊಡೆಯ ಮೇಲೆ ಹೋಯಿತು. ಹೋಗುವ ಮುಂಚೆ ಏನೂ ಹೇಳಲಿಲ್ಲ. ಹೇಳಿದ್ದಳೆಂದು ಹೇಳಬೇಕೆಂದು ನನಗೆ ಎಷ್ಟೋ ಸಲ ಆಸೆಯಾಗಿದೆ.

ಮಾಚೋಜ ಮಣ್ಣು ಮಾಡಿ ಬಂದು ಕೈಕಾಲು ತೊಳೆದವನೇ ಚಪ್ಪರಕ್ಕೆ ಹೋಗಿ ವರ್ಷದ ಕಲ್ಲನ್ನು ಉಜ್ಜಲು ಕೂತ. ಮುಂದಿನ ನಾಲ್ಕು ತಿಂಗಳು ಅವನು ಉಜ್ಜಿದ್ದೇ ಉಜ್ಜಿದ್ದು. ಅಂಥ ನುಣುಪಾದ ಕಲ್ಲನ್ನು ನಾನು ಕಂಡಿಲ್ಲ. ಕೇತವ್ವೆ ಅಡುಗೆಮನೆಯಿಂದ ಆ ಸದ್ದು ಕೇಳಿಸಿಕೊಳ್ಳುತ್ತಿದ್ದಳು. ಅದರಲ್ಲಿ ಮಗಳಿಗೆ ಜಾಗ ಸಿದ್ಧವಾಗುತ್ತಿದೆಯೆಂಬ ಒಂದೇ ಧೈರ್ಯದಿಂದ ಅವಳು ಎರಡು ತುತ್ತು ಉಣ್ಣುತ್ತಿದ್ದಳು. ಪುಷ್ಯದ ಕೊನೆಗೆ ಜ್ವರ ನಿಂತಾಗ ನಾನು ಓಲೆಯಲ್ಲಿ ಬರೆದಿಟ್ಟುಕೊಂಡ ಹೆಸರು ನಲವತ್ತಮೂರಾಗಿದ್ದವು. ಕಲ್ಲು ಹಿಡಿಯುವುದು ಇಪ್ಪತ್ತನಾಲ್ಕು. ಹತ್ತೊಂಬತ್ತು ಹೆಸರು ಬಿಟ್ಟುಕೊಡಬೇಕು. ಅದನ್ನು ಹೇಗೋ ಮಾಡಿಕೊಳ್ಳೋಣ, ವರ್ಷದೊಳಗಿನ ಕೂಸುಗಳನ್ನು ಬಿಟ್ಟರಾಯಿತು, ಮುಪ್ಪಿನವರೆಷ್ಟೋ ಜನ ತಾವಾಗಿ ಬೇಡವೆಂದು ಹೇಳಿಯೇ ಸತ್ತಿದ್ದಾರೆ ಎಂದು ಊರಿನವರು ಮಾತಾಡಿಕೊಳ್ಳುತ್ತಿದ್ದರು.

ಫಾಲ್ಗುಣದ ಮೊದಲ ವಾರ ರಾಜಧಾನಿಯಿಂದ ಸೋವಣಾರ್ಯನೆಂಬ ಕರಣಿಕ ಬಂದ. ತೆಳ್ಳಗೆ, ಮೆಲುಮಾತಿನ ಮನುಷ್ಯ. ಹೆಗ್ಗಡೆ ಚಟ್ಟಯ್ಯನ ಜಗಲಿಯಲ್ಲಿ ಊರಿನವರು ಕೂಡಿದರು. ಕರಣಿಕ ಓಲೆಯ ಕಟ್ಟು ಬಿಚ್ಚಿದ.

"ಹೋದ ವರ್ಷದ ಕಲ್ಲಿನ ಪ್ರತಿಯನ್ನು ಅರಸರ ಮುಂದೆ ಓದಿಸಿದರು. ಬೇರೆ ಕಡೆ ಬರೆದದ್ದು ಅಳಿಸಿಹೋಗುತ್ತದೆ, ಈ ಊರಿನ ಕಲ್ಲು ಹಿಡಿದಿಡುತ್ತದೆ ಎಂದು ಅವರಿಗೆ ಸಂತೋಷವಾಯಿತು. ಬರೆದವರು ಯಾರು?"

ಜನ ನನ್ನನ್ನು ತೋರಿಸಿದರು. ಅವನು ಎದ್ದು ನನಗೆ ಕೈಮುಗಿದ. ನಿಜ ಹೇಳುತ್ತೇನೆ, ಮೈ ಜುಮ್ಮೆಂದಿತು.

ಆಮೇಲೆ ಅವನು ಓದಿದ. ಅರಸರು ಬಡಗಣ ಕೋಟೆ ಗೆದ್ದದ್ದು ಎರಡು ಸಾಲು. ಪಟ್ಟದರಸಿಗೆ ಗಂಡು ಹುಟ್ಟಿದ್ದು ಒಂದು. ಕಡಲು ನುಂಗಿದ ಪಟ್ಟಣ, ಬಾಲದ ನಕ್ಷತ್ರ, ಮೂಡಣದ ಅಣ್ಣತಮ್ಮಂದಿರು, ಭುವನಚಂದ್ರ ಪಂಡಿತರು, ಮಲ್ಲಿಯಕ್ಕನ ಕೆರೆ, ಹಿಮದಾಚೆಯ ಕುದುರೆಯವನು, ಒಂದೊಂದಕ್ಕೆ ಒಂದೊಂದು. ಒಟ್ಟು ಒಂಬತ್ತು ಸಾಲು.

ಹೆಗ್ಗಡೆ ಗಂಟಲು ಸರಿಮಾಡಿಕೊಂಡ. "ಸ್ವಾಮಿ, ಈ ವರ್ಷ ನಮ್ಮಲ್ಲಿ ಸಾವು ಜಾಸ್ತಿ. ಒಂದೆರಡು ಸಾಲು ಅಂದ್ರೆ ಹೆಂಗೋ ಆಗ್ತಿತ್ತು."

"ನಿಮ್ಮ ನೋವು ನನಗೆ ತಿಳಿಯುತ್ತದೆ" ಎಂದ ಕರಣಿಕ. ಅವನ ದನಿಯಲ್ಲಿ ಕಪಟವಿರಲಿಲ್ಲ. "ಆದರೆ ಹೆಗ್ಗಡೆಯವರೇ, ಜ್ವರ ಎಲ್ಲ ಊರಿಗೂ ಬಂದಿದೆ. ಮುಂದಿನವರಿಗೆ ಈ ವರ್ಷವೆಂದರೆ ಏನು ತಿಳಿಯಬೇಕು? ಕುಂಬಾರನೊಬ್ಬ ಸತ್ತನೆಂದೇ? ನಾನೇನೂ ಕೇಳುತ್ತಿಲ್ಲ. ಅಪ್ಪಣೆ ತಂದಿದ್ದೇನೆ."

ಅವನ ಹಿಂದೆ ಆರು ಜನ ಬಿಲ್ಲಾಳುಗಳು ನಿಂತಿದ್ದರು. ಉಳಿದದ್ದು ಮೂರು ಸಾಲು, ಆರು ಹೆಸರು. ಆ ಆರನ್ನು ಆರಿಸುವುದು ಯಾರು ಎಂದಾಗ ಹೆಗ್ಗಡೆ ತನ್ನ ತಾಯಿಯನ್ನು ಕಳೆದುಕೊಂಡವನಾದ್ದರಿಂದ ತನಗೆ ಬೇಡವೆಂದ. ಪೂಜಾರಿಯೂ ಬೇಡವೆಂದ. ಕೊನೆಗೆ ಯಾರೋ ಹಿಂದಿನಿಂದ, "ಕೊರೆಯೋನೇ ಹೇಳಲಿ" ಎಂದರು. ಎಲ್ಲರ ಮೈಯೂ ಹಗುರಾದದ್ದು ಕಂಡಿತು. ನನ್ನ ತಮ್ಮ ತಲೆ ತಗ್ಗಿಸಿ ಕೂತಿದ್ದ. ಒಲ್ಲೆನೆನ್ನಲು ಅವನಿಗೆ ಬರುತ್ತಿರಲಿಲ್ಲ.

ಮೂರು ದಿನ ಜನ ನಮ್ಮ ಚಪ್ಪರಕ್ಕೆ ಬಂದರು. ಮಾಚೋಜ ಕಲ್ಲಿನ ಪಕ್ಕ ಚಾಪೆ ಹಾಸಿ ಒಬ್ಬೊಬ್ಬರನ್ನಾಗಿ ಕೂರಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದ. "ಅವ್ರು ಇದ್ದಿದ್ದೇ ಗೊತ್ತಿಲ್ದಂಗಾದ್ರೆ ನಿಮ್ಮ ಬಾಳಲ್ಲಿ ಯಾವುದು ಅರ್ಥ ಆಗ್ದಂಗೆ ಉಳಿಯುತ್ತೆ?"

ಕಮ್ಮಾರ ಬೈಚ ತನ್ನ ಸುಟ್ಟು ಮುರುಟಿದ ಕೈಯನ್ನು ಚಾಚಿದ. "ಗುಡಿಸ್ಲಿಗೆ ಬೆಂಕಿ ಬಿದ್ದಾಗ ಹೆಂಡ್ರುನ್ನ ಎಳ್ಕೊಂಡು ಬರಕ್ಕೋಗಿ ಆಗಿದ್ದು. ನಾಳೆ ಈ ಕೈ ನೋಡ್ಕೊಂಡು ಏನಂತ ಅಂದ್ಕಳ್ಳಿ, ಮಾಚಣ್ಣ?" ಅವಳ ಹೆಸರು ಸೇರಿತು. ಸೂಲಗಿತ್ತಿ ಸಿರಿಯವ್ವೆಯ ಹೆಸರು ಸೇರಿತು, ಅರ್ಧ ಊರು ಅವಳ ಕೈಯಲ್ಲಿ ಹುಟ್ಟಿದ್ದು. ಹೀಗೆ ಐದಾದವು. ಕೂಸುಗಳ ತಾಯಂದಿರು ಬಂದಾಗ ಅವರಿಗೆ ಹೇಳಲು ಏನೂ ಇರುತ್ತಿರಲಿಲ್ಲ. ಮಗು ಬಿಟ್ಟುಹೋಗುವುದು ಎಷ್ಟು? ಒಂದು ಗಿಲಕಿ, ಎರಡು ಅಂಗಿ. ಅವರು ಸುಮ್ಮನೆ ಕೂತಿದ್ದು ಎದ್ದು ಹೋಗುತ್ತಿದ್ದರು. ಮಾಚೋಜನ ಪ್ರಶ್ನೆ ನ್ಯಾಯದ್ದೇ, ಆದರೆ ಅದು ಮಕ್ಕಳನ್ನೆಲ್ಲ ಹೊರಗೆ ಹಾಕುವ ಪ್ರಶ್ನೆಯೆಂದು ನನಗೆ ಎರಡನೆಯ ದಿನವೇ ಹೊಳೆಯಿತು. ಅದನ್ನು ಅವನು ತಿಳಿದೇ ಇಟ್ಟಿದ್ದನೋ ಎಂಬ ಅನುಮಾನ ಈಗಲೂ ಇದೆ. ತನ್ನ ಮಗಳನ್ನು ತಾನೇ ಸೇರಿಸಿಬಿಟ್ಟೇನೆಂದು ಹೆದರಿ ಬಾಗಿಲು ಹಾಕಿಕೊಂಡ ಹಾಗೆ.

ಕುಂಬಾರಗಿತ್ತಿ ಕಾಳವ್ವೆ ಕೊನೆಯಲ್ಲಿ ಬಂದಳು. ಗಂಡ ಹಿಂದೆಯೇ ಹೋಗಿದ್ದ. ಈ ಜ್ವರಕ್ಕೆ ಅವಳ ಅಣ್ಣ, ದೊಡ್ಡ ಮಗ, ಚಿಕ್ಕ ಮಗ ಮೂವರೂ ಹೋಗಿದ್ದರು. ಮನೆಯಲ್ಲಿ ಅವಳೊಬ್ಬಳೇ. ಮಾಚೋಜ ಪ್ರಶ್ನೆ ಕೇಳಿದ.

"ಎಲ್ಲಾನೂ ಅರ್ಥ ಆಗ್ದಂಗೇ ಉಳಿಯುತ್ತೆ" ಎಂದಳು. "ನಾನೊಬ್ಳೇ ಯಾಕಿದೀನಿ ಅನ್ನೋದು ಗೊತ್ತಾಗಲ್ಲ. ಇಷ್ಟು ದೊಡ್ಡ ಗಡಿಗೆಲಿ ಯಾಕೆ ಅನ್ನ ಮಾಡ್ತಿದೀನಿ ಅಂತ ಗೊತ್ತಾಗಲ್ಲ."

ಅವನು ಚಾಪೆಯ ಅಂಚನ್ನು ಸರಿಮಾಡಿದ. "ಕಾಳಕ್ಕ, ಇರೋದು ಒಂದು ಜಾಗ. ಒಬ್ರನ್ನ ಹೇಳು."

ಅವಳು ಬೆರಳು ಮಡಿಸುತ್ತ ಕೂತಳು. "ಅಣ್ಣ ಬ್ಯಾಡ. ಅವ್ನೇ ಬ್ಯಾಡ ಅಂತ ಹೇಳಿ ಹೋಗವ್ನೆ. ದೊಡ್ಡೋನು..." ಎಂದು ನಿಂತಳು. "ದೊಡ್ಡೋನು ಮುನಿಸ್ಕಳಲ್ಲ. ಅವನ ಗುಣ ಅಂಥದ್ದು, ತಟ್ಟೇಲಿರೋದ್ನ ಎತ್ತಿ ತಮ್ಮಂಗೆ ಹಾಕೋನು. ಚಿಕ್ಕೋನು ಮಸಣಂದೇ ಬರೀರಿ."

ಅವಳು ಹೋದ ಮೇಲೆ ಮಾಚೋಜ ಎದ್ದು ಒಳಗೆ ಬಂದ. ಕೇತವ್ವೆ ಬಾಗಿಲಿನ ಹಿಂದೆಯೇ ನಿಂತಿದ್ದಳು.

"ಆರಾಯ್ತಾ?" ಎಂದಳು.

"ಆಯ್ತು."

"ನಮ್ಮ ಬಮ್ಮಿ?"

ಅವನು ಅವಳ ಮುಖ ನೋಡಲಿಲ್ಲ. "ಅಷ್ಟೊಂದು ಮನೆಯೋರಿಗೆ ಇಲ್ಲ ಅಂದಿದೀನಿ ಕಣೇ. ನಮ್ಮ ಮಗಳನ್ನ ಕೊರೆದು ಅವ್ರಿಗೆ ಹೆಂಗೆ ಮುಖ ತೋರ್ಸಲಿ?"

"ಹಬ್ಬ ಆದ್ಮೇಲೆ ಅವ್ರಿಗೇನೂ ನೆನಪಿರಲ್ವಲ್ಲ, ಯಾರಿಗೆ ಮುಖ ತೋರ್ಸ್ಬೇಕು?"

"ಅಲ್ಲಿವರೆಗೆ ಇರುತ್ತಲ್ಲ" ಎಂದ.

ಕೇತವ್ವೆ ಅಳಲಿಲ್ಲ. "ಸರಿ ಬಿಡಿ. ಯುಗಾದಿ ದಿನ ನಾನು ನಗ್ತಾ ಹೋಳಿಗೆ ಮಾಡ್ತೀನಿ. ಹಂಗೆ ನನ್ನ ನಗಿಸ್ತಿರೋರು ನೀವು. ಇವತ್ತು ನಿಮಗೆ ಗೊತ್ತಿದೆಯಲ್ಲ, ಇವತ್ತೇ ಹೇಳ್ತಿದೀನಿ." ಅಷ್ಟು ಹೇಳಿ ಒಲೆಯ ಕಡೆ ಹೋದಳು. ಅಂದಿನಿಂದ ಅವನ ಜೊತೆ ಮಾತು ಬಿಟ್ಟಳು.

ಒಂಬತ್ತು ಸಾಲು ಲೋಕವನ್ನು ನಾನು ಬರೆದೆ, ಅವನು ಕೊರೆದ. ಕರಣಿಕ ದಿನವೂ ಬಂದು ನೋಡಿ ಹೋಗುತ್ತಿದ್ದ. ಕುದುರೆಯವನ ಸಾಲು ಮುಗಿದ ಮಧ್ಯಾಹ್ನ, ಮಾಚೋಜ ಊಟಕ್ಕೆ ಎದ್ದು ಹೋಗಿದ್ದಾಗ ಕೇತವ್ವೆ ಚಪ್ಪರಕ್ಕೆ ಬಂದು ನನ್ನ ಪಕ್ಕ ಕೂತು ಜಾಜು ತೇಯತೊಡಗಿದಳು. ಅವಳು ಹಿಂದೆಂದೂ ಆ ಕೆಲಸ ಮಾಡಿದವಳಲ್ಲ. ತೇಯ್ದದ್ದನ್ನು ಚಿಪ್ಪಿಗೆ ಬಳಿದು ನನ್ನ ಮುಂದೆ ತಳ್ಳಿದಳು.

"ಅತ್ತಿಗೆ, ನೀವು ಏನು ಬರೆದ್ರೆ ಅದ್ನೇ ಅವ್ರು ಕೊರೆಯೋದು."

"ಕೇತಿ, ಅದು ಬ್ಯಾಡ."

"ನಿಮ್ಮ ತೊಡೆ ಮೇಲೇ ಹೋಯ್ತು" ಎಂದಳು. "ನಾನು ಗಂಜಿ ನೋಡಕ್ಕೋಗಿದ್ದೆ. ನಂಗೆ ಅಷ್ಟೂ ಸಿಗಲಿಲ್ಲ."

ನಾನು ಮುಂದಿನ ಮೂರು ಸಾಲು ಬರೆಯತೊಡಗಿದೆ. ಐದು ಹೆಸರು ಸರಿಯಾಗಿಯೇ ಬರೆದೆ. ಆರನೆಯದಕ್ಕೆ ಕುಂಚವನ್ನು ಅದ್ದಿಕೊಂಡು ಕೂತೆ. ಆಗ ನನ್ನ ತಲೆಯಲ್ಲಿ ಬಂದದ್ದನ್ನು ಮುಚ್ಚಿಡುವುದಿಲ್ಲ. ಕಾಳವ್ವೆ ಹೇಗೂ ಇಬ್ಬರನ್ನು ಮರೆಯುತ್ತಾಳೆ. ಮೂವರನ್ನೂ ಮರೆತರೆ ಅವಳು ಒಂಟಿ ಹೆಂಗಸು, ಅಷ್ಟೇ, ದುಃಖವೇ ಇರುವುದಿಲ್ಲ. ಒಬ್ಬನನ್ನು ಉಳಿಸಿಕೊಟ್ಟರೆ ಸಾಯುವವರೆಗೆ ಅತ್ತಾಳು. ಅವಳಿಗೆ ಇದೇ ಒಳ್ಳೆಯದು. ಹೀಗೆ ನನಗೆ ನಾನೇ ಹೇಳಿಕೊಂಡೆ. ಅದೇ ಮಾತು ಕೇತವ್ವೆಗೂ ಹೊಂದುತ್ತದೆಯಲ್ಲ ಎಂದು ನನಗೆ ಆಗ ತೋಚಲಿಲ್ಲ. ಅಥವಾ ತೋಚಿದರೂ ಪಕ್ಕಕ್ಕೆ ತಳ್ಳಿದೆ. "ಮಾಚೋಜನ ಮಗಳು ಬಮ್ಮಿ" ಎಂದು ಬರೆದೆ.

ತಮ್ಮ ಬಂದು ಕೂತ. ಎರಡು ದಿನ ಕೊರೆದ. ಆರನೆಯ ಹೆಸರಿಗೆ ಬಂದಾಗ ಯಾಕೋ ನಿಧಾನ ಮಾಡಿದ. "ಪಾಪ, ಕಾಳಕ್ಕನ ಮಗನ ಹೆಸರು ಚೆಂದಾಗಿ ಬರಲಿ" ಎಂದು ಅಕ್ಷರಗಳ ಒಳಗನ್ನೂ ಉಜ್ಜಿ ನಯ ಮಾಡಿದ. ತನ್ನ ಹೆಸರಿನ ಮೇಲೆ, ತನ್ನ ಮಗಳ ಹೆಸರಿನ ಮೇಲೆ ಅವನ ಹೆಬ್ಬೆರಳು ಓಡಾಡುವುದನ್ನು ನಾನು ನೋಡಿದೆ. ಇನ್ನೊಬ್ಬರ ಮಗನಿಗೆಂದು ಅವನು ಹಾಕಿದ ಆ ಶ್ರದ್ಧೆಯನ್ನು ನೋಡುತ್ತ ಕೂತೆ.

ಫಾಲ್ಗುಣದ ಅಮಾವಾಸ್ಯೆ, ವರ್ಷದ ಕೊನೆಯ ದಿನ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕಲ್ಲನ್ನು ದಿಬ್ಬಕ್ಕೆ ಸಾಗಿಸಿ ನಿಲ್ಲಿಸಿದರು. ಬಿಟ್ಟುಕೊಟ್ಟ ಮನೆಗಳವರೂ ಬಂದಿದ್ದರು. ಮನಸ್ಸಿನಲ್ಲಿರುವವರೆಗೆ ಒಟ್ಟಿಗೆ ಇರೋಣವೆಂದು ಆ ಸಂಜೆ ಜನ ಸತ್ತವರ ಬಟ್ಟೆಗಳನ್ನು ಹೊದ್ದು ಬರುವುದು ನಮ್ಮಲ್ಲಿ ವಾಡಿಕೆ. ಕರಣಿಕನಿಗೆ ಓದುವ ಮರ್ಯಾದೆ ಕೊಟ್ಟರು. ಅವನು ಅರಸರ ಗೆಲುವಿನಿಂದ ಶುರುಮಾಡಿ ಒಂಬತ್ತು ಸಾಲನ್ನೂ ಗಂಭೀರವಾಗಿ ಓದಿದ. ಆಮೇಲೆ ಸಿರಿಯವ್ವೆ, ಬೈಚನ ಹೆಂಡತಿ, ಮಿಕ್ಕವರು. ಕೊನೆಗೆ, "ಮಾಚೋಜನ ಮಗಳು ಬಮ್ಮಿ" ಎಂದು ಓದಿ, ಪ್ರತಿ ಬರೆದುಕೊಳ್ಳಲು ಓಲೆ ಕೈಗೆ ತೆಗೆದುಕೊಂಡ.

ಕಾಳವ್ವೆ ಮುಂದಿನ ಸಾಲಿನಲ್ಲೇ ಇದ್ದಳು. ಮಗನ ಕೆಂಪು ವಲ್ಲಿಯನ್ನು ಹೊದ್ದಿದ್ದಳು. ಅವಳು ಕಾದಳು. "ಇನ್ನೊಂದು ಹೆಸರು ಓದಲಿಲ್ಲ, ಸ್ವಾಮಿ" ಎಂದಳು.

"ಇಷ್ಟೇ ಇರುವುದಮ್ಮ."

ಎಲ್ಲರೂ ಮಾಚೋಜನನ್ನು ನೋಡಿದರು. ಅವನು ನನ್ನನ್ನು ನೋಡಿದ. ನನಗಿಂತ ಐದು ವರ್ಷಕ್ಕೆ ಚಿಕ್ಕವನು, ನಾನು ಎತ್ತಿ ಆಡಿಸಿದವನು. ಆ ನೋಟಕ್ಕೆ ನಾನು ಹೆಸರು ಹೇಳಲಾರೆ. ಆಮೇಲೆ ಅವನು ಚೀಲದಿಂದ ಉಳಿ ಸುತ್ತಿಗೆ ತೆಗೆದ.

ಕೇತವ್ವೆ ಹೋಗಿ ಕಲ್ಲಿಗೆ ಬೆನ್ನು ಕೊಟ್ಟು ನಿಂತಳು. "ಬ್ಯಾಡ" ಎಂದಳು. ಮಾತು ಬಿಟ್ಟ ಮೇಲೆ ಅವನೊಡನೆ ಆಡಿದ ಮೊದಲ ಮಾತು. ಅವನು ಅವಳ ಭುಜ ಹಿಡಿದು ನಿಧಾನವಾಗಿ ಪಕ್ಕಕ್ಕೆ ಸರಿಸಿದ. ಹೆಂಗಸರು ಅವಳನ್ನು ಹಿಡಿದುಕೊಂಡರು. ತಾನು ಅಷ್ಟು ನಯ ಮಾಡಿದ್ದ ಅಕ್ಷರಗಳನ್ನು ಅವನು ಒಂದೊಂದಾಗಿ ಕಿತ್ತ. ಮುಗಿದ ಮೇಲೆ, "ಬರಿ" ಎಂದ ನನಗೆ. ಅಕ್ಕ ಎನ್ನಲಿಲ್ಲ.

ನಾನು ಜಾಜಿನಲ್ಲಿ ಮಸಣನ ಹೆಸರು ಬರೆದೆ. ಎರಡು ಸಲ ಒರೆಸಿ ಬರೆದೆ. ಅವನು ಉಳಿ ಇಟ್ಟ. ಆದರೆ ಆ ಜಾಗ ಒಮ್ಮೆ ಪೆಟ್ಟು ತಿಂದು ಒಳಗೇ ಸಡಿಲವಾಗಿತ್ತು. ಎರಡನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಕಲ್ಲಿನ ಪದರವೇ ಎದ್ದು, ಅಂಗೈಯಗಲದ ಚಕ್ಕೆಯಾಗಿ ಅವನ ಕಾಲ ಬಳಿ ಬಿತ್ತು. ಒಳಗಿನ ಕಲ್ಲು ಹಾಳಾದ ಬೆಲ್ಲದ ಹಾಗೆ ಉದುರುತ್ತಿತ್ತು. ಬೇರೆಲ್ಲೂ ಜಾಗವಿರಲಿಲ್ಲ. ಕರಣಿಕನ ಬಿಲ್ಲಾಳುಗಳು ಮೇಲಿನ ಒಂಬತ್ತು ಸಾಲಿನ ಹತ್ತಿರ ಬಂದು ನಿಂತಿದ್ದರು.

ಹೊತ್ತು ಮುಳುಗುತ್ತಿತ್ತು. ಜನ ಒಬ್ಬೊಬ್ಬರಾಗಿ ಇಳಿದು ಹೋದರು. ಮಾಚೋಜ ಆ ಚಕ್ಕೆಯನ್ನು ಕೈಯಲ್ಲಿ ಹಿಡಿದು ಅಲ್ಲೇ ಕೂತಿದ್ದ. ನಾನು ಕಾಳವ್ವೆಯ ಕಾಲು ಹಿಡಿಯಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆ ತೆಗೆದುಕೊಂಡಳು.

"ಕಾಲು ಹಿಡಿದ್ರೆ ಬೆಳಗಾದ ಮೇಲೆ ಇಬ್ರಿಗೂ ಹಗುರ ಆಗೋಗುತ್ತೆ, ಜಕ್ಕವ್ವ. ನಂಗೂ ಗೊತ್ತಿರಲ್ಲ, ನಿಂಗೂ ಗೊತ್ತಿರಲ್ಲ. ಅದು ಆಗಕೂಡದು." ಅವಳು ವಲ್ಲಿಯನ್ನು ಬಿಗಿಯಾಗಿ ಎಳೆದುಕೊಂಡಳು. "ನೀನು ಊರಲ್ಲಿರಬ್ಯಾಡ. ಹೊತ್ತು ಮುಳುಗೋದ್ರೊಳಗೆ ಎಲ್ಲೆ ದಾಟು. ದಾಟಿ, ತಿರುಗಿ ಬರಬ್ಯಾಡ. ನನ್ನ ಮೂವರನ್ನೂ ನೀನು ಇಟ್ಕೊಂಡಿರ್ಬೇಕು. ದೊಡ್ಡೋನ ಹೆಸರು ಹರಿಯಣ್ಣ. ಮಸಣ ಏನಾದ್ರೂ ಬೇಕು ಅಂದ್ರೆ ಮೂರು ಸಲ ಕೇಳೋನು. ನಮ್ಮಣ್ಣಂಗೆ ಎಡಗಿವಿ ಕೇಳ್ತಿರ್ಲಿಲ್ಲ. ನೆನಪಿಟ್ಕ."

ನಾನು ಹೂಂ ಎಂದೆ. ಮನೆಗೆ ಹೋಗಿ ಸತ್ತವರ ಹೆಸರು ಬರೆದಿಟ್ಟಿದ್ದ ಓಲೆಯನ್ನಷ್ಟೇ ತೆಗೆದುಕೊಂಡು ಹೊರಟೆ. ಕೇತವ್ವೆ ಬಾಗಿಲಲ್ಲಿ ಕೂತಿದ್ದಳು, ನನ್ನನ್ನು ಕಂಡಳೋ ಇಲ್ಲವೋ. ದಿಬ್ಬದ ಕಡೆ ತಿರುಗಿ ನೋಡಿದಾಗ ತಮ್ಮ ಇನ್ನೂ ಅಲ್ಲೇ ಇದ್ದ. ಎಲ್ಲೆಕಲ್ಲು ದಾಟಿ ಹಾದಿಯ ಪಕ್ಕದ ಹುಣಸೆ ಮರದ ಕೆಳಗೆ ಕೂತೆ. ಬೆಳಿಗ್ಗೆ ಸೂರ್ಯ ಮೂಡಿದ. ಸ್ವಲ್ಪ ಹೊತ್ತಿಗೆ ಊರಿನ ಕಡೆಯಿಂದ ಮಂಗಳವಾದ್ಯ ಕೇಳಿಸಿತು. ಯಾವ ವರ್ಷದ ಯುಗಾದಿಯಲ್ಲೂ ನುಡಿಸುವಂತೆಯೇ ನುಡಿಸುತ್ತಿದ್ದರು.

ಆ ಕಲ್ಲಿನ ಮೇಲಿನ ಲೋಕದ ಸುದ್ದಿ ಈ ದಾರಿಯಲ್ಲೇ ಒಂದೊಂದಾಗಿ ಬಂದು ಸುಳ್ಳಾಗುತ್ತ ಹೋಯಿತು. ಬಡಗಣ ಕೋಟೆಯನ್ನು ಅರಸರು ಆ ಯುಗಾದಿಗೆ ಮೊದಲೇ ಕಳೆದುಕೊಂಡಿದ್ದರಂತೆ. ಪಟ್ಟದರಸಿಯ ಮಗು ಎರಡು ತಿಂಗಳೂ ಬದುಕಿರಲಿಲ್ಲ. ಮಲ್ಲಿಯಕ್ಕನ ಕೆರೆ ಮೊದಲ ಮಳೆಗೇ ಒಡೆಯಿತು. ನಾನು ಈಗ ಸೆಟ್ಟರನ್ನು ಏನೂ ಕೇಳುವುದಿಲ್ಲ. ಅವರೇ ಹೇಳುತ್ತಾರೆ.

ಹೋದ ವರ್ಷ ಮಾಘದಲ್ಲಿ ಕೇತವ್ವೆ ಬಂದಳು. ತವರಿನ ಮದುವೆಗೆ ಹೊರಟ ಗಾಡಿ ಇಲ್ಲಿ ನಿಂತಿತು. ಮೈ ತುಂಬಿಕೊಂಡಿದ್ದಳು. ಕಂಕುಳಲ್ಲಿ ಎರಡು ವರ್ಷದ ಹೆಣ್ಣು ಕೂಸು. ನನ್ನನ್ನು ಕಂಡು ಮೊದಲು ಮುಖ ತಿರುಗಿಸಿದಳು, ಆಮೇಲೆ ತಡೆಯಲಾರದೆ ಬಂದು ಎದುರಿಗೆ ಕೂತಳು.

"ನಾವು ನಿಮಗೇನು ಕಮ್ಮಿ ಮಾಡಿದ್ವಿ, ಅತ್ತಿಗೆ? ಹಬ್ಬದ ದಿನ ಹೇಳ್ದೆ ಕೇಳ್ದೆ ಎದ್ದು ಬಂದ್ರಿ. ಅವ್ರು ನಿಮ್ಮನ್ನ ಎಷ್ಟು ಹುಡುಕಿಸಿದ್ರು ಗೊತ್ತಾ."

"ಮಾಚ ಹೆಂಗಿದಾನೆ?"

"ಕಲ್ಲು ಕೊರೆಯೋದು ಬಿಟ್ರು. ಆ ವರ್ಷ ಕೊನೇ ಸಾಲಲ್ಲಿ ಉಳಿ ಜಾರಿ ಕಲ್ಲು ಕಿತ್ತೋಯ್ತಂತೆ. ಯಾಕೆ ಹಂಗಾಯ್ತು ಅಂತ ಅವ್ರಿಗೇ ಗೊತ್ತಿಲ್ಲ. ಕೈ ಹೋಯ್ತು ನಂದು ಅಂತಾರೆ. ಒಂದೊಂದು ದಿನ ದಿಬ್ಬಕ್ಕೆ ಹೋಗಿ ಅದ್ನೇ ಸವರ್ತಾ ಕೂತಿರ್ತಾರೆ. ಈಗ ಬೇರೆ ಊರಿನೋರು ಬಂದು ಕೊರೀತಾರೆ."

ನಾನು ಮಗುವಿಗೆ ಮಜ್ಜಿಗೆ ಕುಡಿಸಿದೆ. ಹತ್ತು ವರ್ಷ ಬಾಯಿ ಕಟ್ಟಿಕೊಂಡಿದ್ದವಳು ನಾನು. ಅಂದು ಯಾಕೋ ಆಗಲಿಲ್ಲ. ಹೇಳಿಬಿಟ್ಟೆ. ಒಂದು ಊರಿನಲ್ಲಿ ಒಂದು ಹುಡುಗಿಯಿದ್ದಳೆಂದು, ಜಾಜು ತೇಯುತ್ತ ಮನೆ ತುಂಬ ಹೆಜ್ಜೆ ಮೂಡಿಸುತ್ತಿದ್ದಳೆಂದು, ನಾಯಿಗಳಿಗೆ ಅರಸರ ಹೆಸರಿಟ್ಟಿದ್ದಳೆಂದು. ಐದನೆಯ ದಿನ ಜ್ವರ ಇಳಿದದ್ದು, ತಾಯಿ ಗಂಜಿಗೆ ಎದ್ದದ್ದು, ಗಂಜಿ ಬೇಯುವುದರೊಳಗೆ ಆದದ್ದು. ಅವಳ ಮುಖವನ್ನೇ ನೋಡುತ್ತ ಹೇಳಿದೆ. ಎಲ್ಲಾದರೂ ಒಂದು ಕಡೆ ಅದು ಅಲ್ಲಾಡೀತೆಂದು ಕಾದೆ.

ಕೇತವ್ವೆಯ ಕಣ್ಣಲ್ಲಿ ನೀರು ಬಂತು. ಸೆರಗಿನಲ್ಲಿ ಒರೆಸಿಕೊಂಡಳು. "ಪಾಪ. ಯಾರ ಮಗು ಅತ್ತಿಗೆ ಅದು?"

"ನಂಗೆ ಬೇಕಾದೋರ ಮಗು."

"ಆ ತಾಯಿ ಈಗ ಹೆಂಗಿದಾಳೆ?"

"ಚೆನ್ನಾಗಿದಾಳೆ" ಎಂದೆ.

ಅವಳು ಮಗುವಿನ ಬಾಯಿ ಒರೆಸುತ್ತಿದ್ದವಳು ಕೈ ನಿಲ್ಲಿಸಿದಳು. ಅವಳ ಹುಬ್ಬು ಗಂಟಿಕ್ಕಿತು. "ಅಂಥ ಮಗೂನ ಕಳ್ಕೊಂಡು ಚೆನ್ನಾಗಿದಾಳೆ ಅಂದ್ರೆ, ಅವಳೆಂಥ ತಾಯಿ" ಎಂದಳು.

ಗಾಡಿಯವನು ಕೂಗಿದ. ಬಿಸಿಲೇರುವ ಮೊದಲು ಹೊಳೆ ದಾಟಬೇಕಿತ್ತು. ಅವಳು ಮಗುವನ್ನು ಎತ್ತಿಕೊಂಡು ಎದ್ದಳು.